ಆಜಿ-ಮಾಜಿ ಫುಗಡಿ

ಮರಾಠಿ ಸೀಮ್ಯಾಗಿನ ಮಾಲಗಾಂವದ ಹೆಣ್ಣುಮಕ್ಕಳ ಹಾಲಿನ ಸೊಸೈಟಿಯೊಳಗ ಕಾಡವ್ವ ಮೊದಲಿಂದನೂ ಸಭಾಸದಳು, ಅಂದ್ರ ಮೆಂಬರು. ಅದು ಸೊಸೈಟಿಗಳ ಕಾಲ ಬಿಡ್ರಿ. ಕಬ್ಬಿಗೊಂದು, ಗೊಬ್ಬರಕ್ಕೊಂದು, ನೀರಿಗೊಂದು. ಗಂಡಸರು ಒಂದರಾಗ ಡೈರೆಕ್ಟರ, ಇನ್ನೊಂದರಾಗ ಚೇರಮನ್ ಆಗಿ ಬಿಳಿ ಟೊಪಗಿ ಹಾಕ್ಕೊಂಡು ಮಿರಜಿಗೆ ಓಡಾಡತಿದ್ರು. ಕಾಡವ್ವಗ ಇದ್ದದ್ದು ಇದೊಂದೇ. ಮನ್ಯಾಗ ಆಕಿ ಜ್ಯೋತೆಪ್ಪನ ಅವ್ವ, ಓಣ್ಯಾಗನೂ ಜ್ಯೋತೆಪ್ಪನ ಅವ್ವ. ಡೇರಿ ಪಾಳಿಯೊಳಗ ಮಾತ್ರ ‘ಕಾಡವ್ವ’ ಅಂತ ಹೆಸರು ಹಿಡದು ಒದರತಿದ್ರು, ಆಕಿ ಕ್ಯಾನ್ ಎತ್ತಿಕೊಂಡು ಮುಂದ ಹೋಗತಿದ್ಲು. ಅದನ್ನ ಕೇಳಾಕ ಆಕಿ ನಸುಕಿನ್ಯಾಗ ಎದ್ದು ಎಮ್ಮಿ ಹಿಂಡತಾಳ ಅಂದ್ರೂ ತಪ್ಪಿಲ್ಲ.

ಹೋದ ಮಳಿಗಾಲದಾಗ ಡೇರಿ ಮೆಟ್ಟಲ ಮ್ಯಾಲೆ ಜಾರಿ ಬಿದ್ಲು. ಹಾಲು ಚೆಲ್ಲಿತು, ಮೊಣಕಾಲು ತರಚಿತು, ಅಷ್ಟೇ. ಅದೇ ಮೆಟ್ಟಲ ಮ್ಯಾಲೆ ಹರೇದ ಹೆಣ್ಣುಮಕ್ಕಳೂ ಬಿದ್ದಾರ. ಅವರು ಬಿದ್ರ ‘ಫರಸಿ ಕಲ್ಲು ಜಾರತೈತಿ, ಬದಲಿ ಮಾಡ್ರಿ’ ಅಂತಾರ. ಕಾಡವ್ವ ಬಿದ್ರ ‘ವಯಸ್ಸಾತು’ ಅಂದ್ರು. ಎಂಥಾ ನ್ಯಾಯ ನೋಡ್ರಿ. ಫರಸಿ ಹಂಗೇ ಉಳೀತು, ಕಾಡವ್ವನ್ನ ಬದಲಿ ಮಾಡೂ ಮಾತು ಸುರುವಾತು.

“ಅವ್ವಾ, ಇನ್ನ ಸಾಕು. ಸಭಾಸದ ಹೆಸರು ಅಂಜನಾಂದು ಮಾಡೂಣು. ನೀ ಆರಾಮ ಕುಂದರು,” ಅಂದ ಮಗ ಜ್ಯೋತೆಪ್ಪ.

ಅಂಜನಾ ಅವನ ಹೆಂಡತಿ. ಕಸಬೆ ಡಿಗ್ರಜದ ಮರಾಠಿ ಮನೀ ಹುಡುಗಿ, ಕನ್ನಡ ತಿಳೀತಿತ್ತು, ಆಡಾಕ ನಾಚತಿದ್ಲು. ಗಂಡ ಈ ಮಾತು ಆಡೂ ಮುಂದ ಆಕಿ ಮಷೀನ್ ಮ್ಯಾಲೆ ಜಂಪರ್ ಹೊಲಕೋತ ತಲಿ ಎತ್ತಲಿಲ್ಲ. ಇದೆಲ್ಲಾ ಇಕೀದೇ ಕಾರಭಾರ ಅಂತ ಕಾಡವ್ವ ತಿಳಕೊಂಡ್ಲು. ಹೂಂ ಅನಲಿಲ್ಲ, ಊಂಹೂಂ ಅನಲಿಲ್ಲ. ಅವತ್ತಿಂದ ಸೊಸಿ ಮುಂದ ಭಾಂಡೆ ಕುಕ್ಕೂದು ಮಾತ್ರ ಬಿಡಲಿಲ್ಲ.

ಹಿಂಗಿರೂ ಮುಂದ ಊರಾಗ ಒಂದು ರಿಕ್ಷಾ ಮೈಕಿನ ಕರ್ಣಾ ಕಟಗೊಂಡು ಬಂತು. ಸೊಸೈಟಿ ಹುಟ್ಟಿದ ದಿನದ ಕಾರ್ಯಕ್ರಮ ಐತಿ ಅಂತ ಮರಾಠಿಯೊಳಗ ಸಾರಿತು: “ಆಜಿ ಸಭಾಸದಾಂಚಿ ಫುಗಡಿ, ಮಾಜಿ ಸಭಾಸದಾಂಚಾ ಸತ್ಕಾರ.”

ಕನ್ನಡದಾಗ ಹಾಲಿ-ಮಾಜಿ ಅಂತೀವಲ್ಲ, ಈಗಿನವರು ಮತ್ತ ಹಿಂದಿನವರು, ಅದಕ್ಕ ಮರಾಠಿ ಮಂದಿ ಆಜಿ-ಮಾಜಿ ಅಂತಾರ. ಆದರ ಅವರಲ್ಲಿ ಅಜ್ಜಿಗೂ ಆಜಿ ಅಂತಾರ. ಅಥಣಿ ಕಡಿಂದ ಲಗ್ನಾಗಿ ಬಂದ ಕಾಡವ್ವಗ ಸಂತ್ಯಾಗ ಚೌಕಾಶಿ ಮಾಡೂವಷ್ಟು ಮರಾಠಿ ಬರತಿತ್ತು, ಈ ಶಬ್ದದ ತನಕಾ ಬಂದಿರಲಿಲ್ಲ. ಆಜಿ ಅಂದ್ರ ಅಜ್ಜಿ. ಮಾಜಿ ಸತ್ಕಾರ ಬಿಟ್ಟವರಿಗೆ, ಅದು ತನಗಲ್ಲ. ಅಜ್ಜಿಗೋಳು ಫುಗಡಿ ಆಡಬೇಕಂತ, ಸೊಸೈಟಿಯವರು ಕರದಾರ. ಆಕೀ ಎದಿ ಹಗರಾತು. ಇಡೀ ಊರ ಮುಂದ ಗಿರಗಿರ ತಿರಗಿ ತೋರಸಿದ್ರ, ಹೆಸರು ತಗೀಬೇಕು ಅನ್ನಾಕ ಯಾರಿಗೆ ಬಾಯಿ ಬರತೈತಿ?

ತನ್ನಂಗ ಡೇರಿಗೆ ಹಾಲು ಹಾಕೂ ಗೆಳತಿ ಇಂದ್ರವ್ವನ್ನ ಕಣಕಿ ಬಣವಿ ಹಿಂದ ಕರಕೊಂಡು ಹ್ವಾದ್ಲು.

“ಮಂದಿ ನಗ್ತಾರ ಬೇ,” ಅಂದ್ಲು ಇಂದ್ರವ್ವ.

“ನಗಲಿ. ಕರದವರು ಅವರೇ ಅಲ್ಲೇನ?”

ಕೈ ಕತ್ತರಿ ಹಾಕಿ ಹಿಡಕೊಂಡ್ರು, ಪಾದಕ್ಕ ಪಾದ ಹಚ್ಚಿದ್ರು, ಹಿಂದಕ್ಕ ವಾಲಿ ತಿರಗಿದ್ರು. ಮೊದಲನೇ ದಿನ ಇಬ್ಬರೂ ತಲಿ ತಿರಗಿ ಕಣಕಿಯೊಳಗ ಕುಂತು ಹೊಟ್ಟಿ ಹಿಡಕೊಂಡು ನಕ್ರು. ದಿನಾ ಹೋಗಿ ಹೋಗಿ ಕಾಲಿಗೆ ಹಳೇ ಗತ್ತು ಬಂತು.

ಕಾರ್ಯಕ್ರಮದ ದಿನ ಸಾಲಿ ಮೈದಾನದಾಗ ಮಾಂಡವ ಹಾಕಿದ್ರು. ಸೊಸೈಟಿ ಸೆಕ್ರೆಟರಿ ಚಂದ್ರಾಬಾಯಿ ಮೈಕ್ ಹಿಡಕೊಂಡು, “ಆಜಿ ಸಭಾಸದರು ಫುಗಡಿಗೆ ಬರ್ರಿ,” ಅಂದ್ಲು. ಕಾಡವ್ವ ಇಳಕಲ್ ಸೀರಿ ನೆರಿಗಿ ಎತ್ತಿ ಕಟ್ಟಿ, ಇಂದ್ರವ್ವನ ಕೈ ಹಿಡದು ನಡಬರಕ ಬಂದು ನಿಂತ್ಲು. ನೋಡಿದ್ರ ಸುತ್ತ ಎಲ್ಲಾ ಹರೇದವರು.

“ನೀವ್ಯಾಕ ಬಂದ್ರವಾ? ಇದು ಆಜಿಗೋಳ ಆಟ,” ಅಂದ್ಲು.

ಮಾಂಡವಕ್ಕ ಮಾಂಡವನೇ ನಕ್ಕಿತು. ಚಂದ್ರಾಬಾಯಿನೂ ನಕ್ಕೋತ, “ಕಾಡವ್ವ ಮಾವಶಿ, ಆಜಿ ಅಂದ್ರ ಈಗಿನ ಸಭಾಸದರು. ಮಾಜಿ ಅಂದ್ರ ಬಿಟ್ಟವರು. ನೀವು ಮಾಜಿ. ನಿಮ್ಮ ಸತ್ಕಾರ ಐತಿ, ಆ ಕುರ್ಚಿ ಮ್ಯಾಲೆ ಕುಂದ್ರಿ,” ಅಂದ್ಲು.

ಕಾಡವ್ವನ ಮಾರಿ ಕೆಂಪಾತು. ಜನ ನಕ್ಕದ್ದು ಆಕಿಗೆ ಹತ್ತಲಿಲ್ಲ, ಆ ‘ಮಾಜಿ’ ಹತ್ತಿತು.

“ನಾ ಯಾವಾಗ ಬಿಟ್ನಿ?”

“ಮತ್ತ... ಜ್ಯೋತೆಪ್ಪ ಹೇಳ್ಯಾನಲ್ರಿ, ಹೆಸರು ಸೊಸೀದು ಆಗತೈತಿ ಅಂತ.”

“ಇವತ್ತ ಮುಂಜಾನೆ ಡೇರ್‍ಯಾಗ ಕಾಡವ್ವ ಅಂತ ಯಾರನ್ನ ಒದರಿದ್ರಿ? ಹಾಲು ಹಾಕಿದಾಕಿ ಯಾರು? ಹಾಲು ಹಾಕೂವಾಕಿ ಮಾಜಿ ಹೆಂಗ ಆಗತಾಳ ಹೇಳು.”

ಚಂದ್ರಾಬಾಯಿ ಮೈಕ್ ಕೆಳಗ ಮಾಡಿದ್ಲು. ಗಂಡಸರ ಸಾಲಿನ್ಯಾಗ ಕುಂತಿದ್ದ ಜ್ಯೋತೆಪ್ಪ ತಲಿ ಕೆಳಗ ಹಾಕಿದ. ಆವಾಗ ಹೆಣ್ಣುಮಕ್ಕಳ ನಡುವ ಅಂಜನಾ ಎದ್ದು ನಿಂತ್ಲು. ಈಗ ಎಲ್ಲಾರ ಮುಂದ ಸಭಾಸದ ಹೆಸರು ತನಗ ಬೇಕಂತ ಕೇಳತಾಳ ಅಂತ ಕಾಡವ್ವ ಅನಕೊಂಡ್ಲು.

“ಮಲಾ ನಕೋ,” ಅಂದ್ಲು ಅಂಜನಾ. ಆಮ್ಯಾಲೆ ಅತ್ತಿ ಕಡೆ ನೋಡಿ, ತಡವರಿಸಿ ಕನ್ನಡದಾಗ ಅಂದ್ಲು: “ನನಗ ಬ್ಯಾಡರಿ ಅತ್ತಿ. ನನ್ನ ಯಾರೂ ಕೇಳೇ ಇಲ್ಲ. ಆ ಎಮ್ಮಿ ನನ್ನ ಒದೀತೈತಿ. ಹೆಸರು ನಂದಾದ್ರ ಹೆಂಗಪಾ ಅಂತ ನನಗ ನಿದ್ದಿ ಹತ್ತವಲ್ದು. ನೀವು ಸಿಟ್ಟಾಗೀರಿ, ನಿಮ್ಮ ಮುಂದ ಹೆಂಗ ಹೇಳ್ಲಿ?”

ಹೊತ್ತ ಹೊರಿ ಯಾರೋ ಕೈ ಹಚ್ಚಿ ಇಳಿಸಿದಂಗಾತು ಕಾಡವ್ವಗ. ಇಷ್ಟ ದಿನ ಈ ಹುಡುಗಿ ಮುಂದ ಭಾಂಡೆ ಕುಕ್ಕಿದ್ದು ನೆನಪಾಗಿ ನಾಚಿಕಿನೂ ಬಂತು, ನಗೂನೂ ಬಂತು.

“ಅಯ್ಯ ನನ ಮಗಳ, ಒಂದ ಮಾತು ಹೇಳಬೇಕಿಲ್ಲೇನ,” ಅಂದ್ಲು.

“ಆಡಸ್ರಿ ಚಂದ್ರಾಬಾಯಿ, ಆಡಸ್ರಿ,” ಅಂತ ಹೆಣ್ಣುಮಕ್ಕಳು ಗದ್ದಲ ಹಾಕಿದ್ರು.

ಇಬ್ಬರೂ ಗೆಳತ್ಯಾರು ಕೈ ಹಿಡಕೊಂಡ್ರು. ಸಾವಕಾಶ ಸುರು ಮಾಡಿದ್ರು, ಆಮ್ಯಾಲೆ ಕಾಲು ತಾನಾಗೇ ಓಡಿತು. “ಅವ್ವಾ, ಬಿದ್ದಗಿದ್ದಿ,” ಅಂತ ಜ್ಯೋತೆಪ್ಪ ಎದ್ದು ನಿಂತ. ಕಾಡವ್ವಗೂ ಒಳಗ ಅಂಜಿಕಿ ಇದ್ದೇ ಇತ್ತು. ಇಲ್ಲಿ ಬಿದ್ರ ಮುಗೀತು, ಮತ್ತ ಯಾರೂ ತನ್ನ ಮಾತು ಕೇಳಂಗಿಲ್ಲ. ಮಾಂಡವ ತಿರಗಿತು, ಮಾರಿಗೋಳು ತಿರಗಿದುವು, ಇಂದ್ರವ್ವನ ಹಲ್ಲಿಲ್ಲದ ನಗಿ ಒಂದು ಎದುರಿಗೆ ಗಟ್ಟಿ ನಿಂತಿತ್ತು. ಅದನ್ನೇ ನೋಡಕೋತ ತಿರಗಿದ್ಲು. ನಿಂತಾಗ ಒಂದೀಟು ಜೋಲಿ ಹೊಡದ್ಲು. ಅಂಜನಾ ಓಡಿ ಬಂದು ಹಿಡಕೊಂಡ್ಲು. ಬಿದ್ದಿರಲಿಲ್ಲ. ಅಬ್ಬಾ, ಬಿದ್ದಿರಲಿಲ್ಲ.

ಫುಗಡಿ ಬಕ್ಷೀಸು ಹರೇದ ಹುಡುಗ್ಯಾರಿಗೆ ಹೋತು. ಹೋಗಲಿ ಬಿಡ್ರಿ, ಅವರು ಬೇಷ್ ಆಡಿದ್ರು.

ಕಡೀಕ ಸತ್ಕಾರದ ಹೊತ್ತು ಬಂತು. ಚಂದ್ರಾಬಾಯಿ ಶಾಲು-ಕಾಯಿ ಹಿಡಕೊಂಡು ಪೇಚಿಗೆ ಬಿದ್ದು ನಿಂತಿದ್ಲು.

“ಮಾವಶಿ, ನಿಮ್ಮ ಹೆಸರಿಲೆ ತಂದ ಶಾಲು ಐತಿ. ನೀವಂತೂ ಮಾಜಿ ಅಲ್ಲ. ಇದನ್ನ ಯಾರಿಗೆ ಹೊಚ್ಚಲಿರಿ?”

ಕಾಡವ್ವ ಇನ್ನೂ ತೇಕತಿದ್ಲು. ಸೆರಗಿಲೆ ಮಾರಿ ಒರಸಿಕೊಂಡು ಗಂಡಸರ ಸಾಲಿನ ಕಡೆ ಕೈ ಮಾಡಿದ್ಲು.

“ನಮ್ಮ ಜ್ಯೋತೆಪ್ಪಗ ಹೊಚ್ಚವಾ. ನನ್ನ ಬದಲಿ ತಾನೇ ಹೂಂ ಅನ್ನೂ ಕೆಲಸಾ ಭಾಳ ದಿನ ಮಾಡ್ಯಾನ. ಇವತ್ತಿಂದ ಅಂವ ಅದರಾಗ ಮಾಜಿ.”

ಜ್ಯೋತೆಪ್ಪ ನಾಚಿ ನಾಚಿ ಎದ್ದು ಬಂದ. ಶಾಲು ಹೊಚ್ಚಿಸಿಕೊಳ್ಳಾಕ ಬಗ್ಗಿದಾಂವ, ಹಂಗೇ ಇನ್ನೊಂದೀಟು ಬಗ್ಗಿ ಅವ್ವನ ಕಾಲು ಮುಟ್ಟಿದ.