ಅಜ್ಜಿಯ ಗಂಟಿನಲ್ಲಿ ಹೋದ ಡಬ್ಬಿ

ವಸಂತಮ್ಮ ಹಳೇ ಸೀರೆಯ ತುಂಡೊಂದನ್ನು ನೆಲಕ್ಕೆ ಹಾಸಿ, ಸತ್ತ ಅತ್ತೆ ತಿಮ್ಮಮ್ಮನ ಸಾಮಾನುಗಳನ್ನು ಅದರ ಮೇಲಿಡುತ್ತಿದ್ದಳು. ಎಲೆಯಡಿಕೆ ಚೀಲ, ನಸ್ಯದ ಡಬ್ಬಿ, ಕಡ್ಡಿ ಮುರಿದ ಕನ್ನಡಕ. ಸತ್ತವರು ದಿನಾ ಮುಟ್ಟುತ್ತಿದ್ದುದನ್ನು ಅವರ ಜೊತೆಗೇ ಗುಂಡಿಗೆ ಹಾಕುವುದು ಆ ಮನೆಯ ಪದ್ಧತಿ. ಬದುಕಿದ್ದಾಗ ಯಾರಿಗೂ ಒಂದು ಚಿಟಿಕೆ ನಸ್ಯ ಕೊಡದ ಮುದುಕಿ ಹೋಗುವಾಗಲೂ ಡಬ್ಬಿ ಕಟ್ಟಿಕೊಂಡೇ ಹೊರಟಿದ್ದಳು.

ಕೊನೆಗೆ ಗೋಡೆಯ ಗೂಡಿನಿಂದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ಅಲ್ಲಾಡಿಸಿದಳು.

"ಬಿ.ಪಿ. ಮಾತ್ರೆ. ಪಾಪ, ಇನ್ನೂ ತುಂಬಾ ಅವೆ," ಎಂದು ಅದನ್ನೂ ಇಟ್ಟಳು.

ಮೂಲೆಯಲ್ಲಿ ಕೂತಿದ್ದ ಮೊಮ್ಮಗಳು ಕೀರ್ತಿ ದಡಕ್ಕನೆ ಎದ್ದಳು. ಆ ಮಾತ್ರೆ ಅಜ್ಜಿಯದಲ್ಲ, ಅವಳದು.

"ಅತ್ತೆ, ಅದು ಇಲ್ಲೇ ಇರ್ಲಿ," ಎಂದು ಕೈ ಚಾಚಿದಳು.

"ಮುಟ್‌ಬೇಡ ಕಣಮ್ಮ. ಸತ್ತೋರ ಔಷ್ದಿ ಮನೇಲಿ ಇಟ್ಕೊಬಾರ್ದು." ವಸಂತಮ್ಮ ಗಂಟು ಬಿಗಿದಳು.

ವಸಂತಮ್ಮನ ಗಂಡ, ಕೀರ್ತಿಯ ಸೋದರಮಾವ ನಾಗೇಂದ್ರ ಬಾಗಿಲಲ್ಲಿ ನಿಂತು, "ಕೀರ್ತಿ, ಮಣ್ಣು ಮುಗುದ್ಮೇಲೆ ನಿನ್ ಬಟ್ಟೆ ತುಂಬ್ಕೊ. ಇನ್ಮೇಲೆ ಕಡಕೊಳದಲ್ಲಿ ನಮ್ಮನೇಲೇ ಇದ್ಬುಡು. ಅಲ್ಲಿಂದ್ಲೇ ಕಾಲೇಜಿಗೆ ಬಸ್ಸದೆ," ಎಂದ.

ಮಾತು ಒಳ್ಳೆಯದೇ. ಆದರೂ ಕೀರ್ತಿಯ ಕಣ್ಣು ವಸಂತಮ್ಮನ ಕಡೆ ಹೋಯಿತು. ಅವಳ ಅಮ್ಮ ಸತ್ತಾಗ ಹೊದ್ದಿದ್ದ ರಗ್ಗನ್ನು ಇದೇ ವಸಂತಮ್ಮ ಕೋಲಿನಲ್ಲಿ ಎತ್ತಿ ಬೀದಿಗೆ ಹಾಕಿದ್ದಳು. ಆಗ ಅಜ್ಜಿ ಮನೆಯವರಿಗೆಲ್ಲ ಟಿ.ಬಿ. ಎಂದಷ್ಟೇ ಹೇಳಿದ್ದಳು. ಟಿ.ಬಿ.ಗೇ ಕೋಲು ಹಿಡಿದವಳು ಎಚ್‌ಐವಿಗೆ ಏನು ಹಿಡಿದಾಳು?

*

ಸೋಂಕು ಅಮ್ಮನಿಂದ ಹುಟ್ಟುವಾಗಲೇ ಬಂದದ್ದು. ಕಾಲೇಜು ಸೇರುವ ತನಕ ಕೀರ್ತಿ ತಕರಾರಿಲ್ಲದೆ ಮಾತ್ರೆ ನುಂಗಿದಳು. ಆಮೇಲೆ ಸಾಕಾಯಿತು. ಗೆಳತಿಯರಿಗಿಲ್ಲದ್ದು ತನಗೊಬ್ಬಳಿಗೇಕೆ ಎಂದು ನಾಲಿಗೆಯಡಿ ಇಟ್ಟುಕೊಂಡು ಬಚ್ಚಲಿಗೆ ಉಗುಳತೊಡಗಿದಳು. ಬಾಯಲ್ಲಿ ಹುಣ್ಣಾಗಿ, ಮೈ ಕಡ್ಡಿಯಾದಾಗ ಆ ಗುಟ್ಟು ಅಜ್ಜಿಗೆ ಗೊತ್ತಾಯಿತು.

ತಿಮ್ಮಮ್ಮ ಗೋಕುಲಂ ಬಡಾವಣೆಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರ ಮನೆಗಳಲ್ಲಿ ನೆಲ ಒರೆಸುತ್ತಿದ್ದವಳು. ಕೆಲಸಕ್ಕೆ ರಜೆ ಹಾಕಿ ಮೊಮ್ಮಗಳನ್ನು ದೊಡ್ಡಾಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ಇಂಥ ಹುಡುಗ ಹುಡುಗಿಯರ ಜೊತೆ ಕೂತು ಮಾತಾಡಲೆಂದೇ ಅನು ಎಂಬ ಯುವತಿ ಇದ್ದಳು. ಅವಳೂ ಇದೇ ಸೋಂಕಿನ ಜೊತೆ ಬೆಳೆದವಳು.

"ಬೈಬೇಡಿ ಅಜ್ಜಿ. ನಾನೂ ಉಗುಳಿದೀನಿ," ಎಂದಳು ಅನು. "ಜೊತೇಲಿ ಒಬ್ರು ಕೂತ್ಕೊಂಡ್ರೆ ನುಂಗ್ತಾರೆ."

ಅಂದಿನಿಂದ ಸಂಜೆಯ ಧಾರಾವಾಹಿ ಶುರುವಾಗುತ್ತಲೇ ತಿಮ್ಮಮ್ಮ ಮೊಮ್ಮಗಳ ಎದುರು ಕೂತು, ತಾನೊಂದು ಪೆಪ್ಪರ್‌ಮೆಂಟನ್ನು ನೀರಿನ ಜೊತೆ ಗುಟುಕ್ಕನೆ ನುಂಗಿ, "ನಂದು ಇನ್ನೂ ಕಹಿ ಕಣೆ," ಎಂದು ಮುಖ ಕಿವುಚುತ್ತಿದ್ದಳು. ಡಬ್ಬಿಯ ಚೀಟಿಯನ್ನು ಉಗುರಲ್ಲಿ ಕೆರೆದು ತೆಗೆದು, ಕೇಳಿದವರಿಗೆಲ್ಲ ತನ್ನ ಬಿ.ಪಿ. ಮಾತ್ರೆ ಎಂದಳು. ಕೀರ್ತಿಯ ಕೆನ್ನೆ ಮತ್ತೆ ತುಂಬಿತು.

"ಮನೇಲಿ ಇನ್ನೊಬ್ರಿಗಾದ್ರೂ ಗೊತ್ತಿರ್ಲಿ ಅಜ್ಜಿ," ಎಂದು ಅನು ಎಷ್ಟು ಹೇಳಿದರೂ ಮುದುಕಿ ಕೇಳಲಿಲ್ಲ.

"ನಾನೆಲ್ಲಿಗೆ ಹೋಯ್ತೀನಿ ಬುಡವ್ವ."

ನಿನ್ನೆ ಬೆಳಿಗ್ಗೆ ಗೋಕುಲಂನ ಮನೆಯೊಂದರ ಮೆಟ್ಟಿಲು ಒರೆಸುತ್ತ ಸುಸ್ತೆಂದು ಕೂತವಳು ಮತ್ತೆ ಏಳಲೇ ಇಲ್ಲ.

*

ತಿಮ್ಮಮ್ಮನನ್ನು ಗುಂಡಿಗಿಳಿಸಿ, ಕಾಲ ಬಳಿ ಗಂಟು ಇಟ್ಟರು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿ ಹಿಂದೆ ಸರಿದರು.

ಕೀರ್ತಿ ಮಣ್ಣು ಹಿಡಿದು ನಿಂತಳು. ಸೋಮವಾರ ಆಸ್ಪತ್ರೆಗೆ ಹೋದರೆ ಇನ್ನೊಂದು ಡಬ್ಬಿ ಸಿಕ್ಕೀತು. ಅದನ್ನು ಕಡಕೊಳದ ಮನೆಯಲ್ಲಿ ಎಲ್ಲಿಡುವುದು? ಯಾರ ಎದುರು ನುಂಗುವುದು? ಕದ್ದು ನುಂಗಬೇಕಾದರೆ ತಾನು ಮತ್ತೆ ಉಗುಳುವವಳೇ ಎಂದು ಅವಳಿಗೆ ಗೊತ್ತಿತ್ತು. ಸಾವಿಗಿಂತ ಅವಳು ಹೆದರಿದ್ದು ತನಗೇ.

"ಹಾಕಮ್ಮ," ಎಂದಳು ಪಕ್ಕದಲ್ಲಿದ್ದ ವಸಂತಮ್ಮ.

"ಅತ್ತೆ," ಎಂದಳು ಕೀರ್ತಿ. ಅವಳ ಕಿವಿಗೆ ಬಾಗಿ ಪಿಸುಗುಟ್ಟಿದಳು. "ಆ ಮಾತ್ರೆ ಅಜ್ಜೀದಲ್ಲ, ನಂದು. ಅಮ್ಮಂಗಿದ್ದಿದ್ದು ಟಿ.ಬಿ. ಒಂದೇ ಅಲ್ಲ, ಎಚ್‌ಐವಿ. ನಂಗೂ ಅದೆ. ದಿನಾ ನುಂಗ್ಬೇಕು. ಇವತ್ತೂ."

ವಸಂತಮ್ಮ ಸರಕ್ಕನೆ ಒಂದು ಹೆಜ್ಜೆ ಹಿಂದೆ ಹೋದಳು. ನಾಗೇಂದ್ರ ಗುದ್ದಲಿಯವನಿಗೆ ಸನ್ನೆ ಮಾಡುತ್ತಿದ್ದ. ಎಲ್ಲ ಮುಗಿಯಿತೆಂದು ಕೀರ್ತಿ ಕಣ್ಣು ಮುಚ್ಚಿದಳು.

"ತಡೀರೀ," ಎಂದಳು ವಸಂತಮ್ಮ. "ಮಣ್ಣೆಳೀಬೇಡಿ. ನನ್ ಕಿವಿ ಓಲೆ ಆ ಗಂಟೊಳಗೆ ಬಿದ್ದೋಗದೆ."

"ಗುಣಿಗಾಕಿದ್ನ ವಾಪಸ್ ತಗೀತಾರೇನೆ? ಹೋದ್ರೆ ಹೋಯ್ತು, ಬುಡು," ಎಂದ ನಾಗೇಂದ್ರ.

ಅವಳು ತಲೆಯ ಮೇಲಿನ ಸೆರಗನ್ನು ಓಲೆ ಎರಡೂ ಇದ್ದ ಕಿವಿ ಮುಚ್ಚುವಂತೆ ಎಳೆದುಕೊಂಡು, ಅವನು ತಡೆಯುವಷ್ಟರಲ್ಲಿ ಗುಂಡಿಗಿಳಿದಳು. ಎದೆಮಟ್ಟದ ಗುಂಡಿ. ಬಗ್ಗಿ ಗಂಟು ಬಿಚ್ಚಿ, ಸೆರಗಿನ ತುದಿಯಿಂದ ಡಬ್ಬಿಯನ್ನು ಹಿಡಿದು, ಬೆರಳು ತಾಗದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೇಲೆ ಹತ್ತಲು ಮಣ್ಣು ಜಾರುತ್ತಿತ್ತು. ಕೀರ್ತಿ ಮಂಡಿಯೂರಿ ಕೈ ಚಾಚಿದಳು.

ವಸಂತಮ್ಮ ಆ ಕೈಯನ್ನೇ ನೋಡುತ್ತ ನಿಂತಳು. ಗುದ್ದಲಿಯವನು ಕೆಮ್ಮಿದ. ಆಮೇಲೆ ಅವಳು ಸೆರಗನ್ನು ಬಿಟ್ಟು ಬರಿಗೈಯಲ್ಲಿ ಕೀರ್ತಿಯ ಕೈ ಹಿಡಿದುಕೊಂಡಳು.