ವಾಘ್ಯಾನ ಖೋಕಾ

ಬಡಿಗೆ ಹಿಡಿದ ಗಂಡಸರು ಅಂಗಳಕ್ಕೆ ನುಗ್ಗುವಷ್ಟರಲ್ಲಿ ಕಸ್ತೂರಬಾಯಿ ನಾಯಿಗೆ ಅಡ್ಡಲಾಗಿ ನಿಂತಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಹಾಲಯ್ಯನವರ ಕಾಲಿನಿಂದ ರಕ್ತ ಸೋರುತ್ತಿತ್ತು. ಪೂಜೆಗೆಂದು ಬಂದಿದ್ದ ಆ ವೃದ್ಧ ಜಂಗಮರು ತಿಳಿಯದೆ ಮನೆಯ ನಾಯಿ ವಾಘ್ಯಾನ ಬಾಲ ತುಳಿದಿದ್ದರು. ಅದು ತಿರುಗಿ ಬಾಯಿ ಹಾಕಿತ್ತು. ಔರಾದ ಶಹಾಜನಿಯ ಸಂತೆಯಲ್ಲಿ ಹುಚ್ಚುನಾಯಿ ಓಡಾಡಿದ ಸುದ್ದಿ ಆ ವಾರವೇ ಊರಿಗೆ ಮುಟ್ಟಿದ್ದರಿಂದ ಬಾಲದ ಮಾತು ಯಾರಿಗೂ ಬೇಕಿರಲಿಲ್ಲ.

ಗಂಡ ಜಗದೇವಪ್ಪನೂ ಬಡಿಗೆ ಹಿಡಿದವರ ಕಡೆಗೇ ಇದ್ದ. "ಬಾಜೂಕ ಸರಿ. ಅಯ್ಯನವರ ಜೀವದ ಸವಾಲದ," ಎಂದ.

"ಕೊಂದ್ರ ಅದಕ್ಕ ಹುಚ್ಚಿತ್ತೋ ಇಲ್ಲೋ ಹ್ಯಾಂಗ ತಿಳೀತದ? ನಿಲಂಗಾದ ಡಾಕ್ಟರಿಗಿ ಕೇಳ್ರಿ. ಅಲ್ಲೀತನಕಾ ಖೋಕಾದಾಗ ಇರ್ತದ," ಎಂದಳು ಕಸ್ತೂರಬಾಯಿ.

ಕಚ್ಚಿದ ನಾಯಿಯನ್ನು ಪೆಟ್ಟಿಗೆಗೆ ತುಂಬುವವರು ಯಾರು ಎಂದು ಯಾರೋ ನಕ್ಕರು. ಅವಳು ತಿರುಗಿ, ದನಿ ಏರಿಸದೆ, "ವಾಘ್ಯಾ, ಮನಿಗಿ ನಡಿ," ಎಂದಳು. ನಾಯಿ ಕಿವಿ ತಗ್ಗಿಸಿ ದನದ ಕೊಟ್ಟಿಗೆಯ ಮೂಲೆಗೆ ಹೋಯಿತು. ಅಲ್ಲಿದ್ದ ಕಟ್ಟಿಗೆಯ ಖೋಕಾದೊಳಗೆ ಹೊಕ್ಕು ಒಂದು ಸುತ್ತು ತಿರುಗಿ ಮಲಗಿತು. ಅವಳು ಅಗಳಿ ಹಾಕಿದಳು. ಎತ್ತಿದ ಬಡಿಗೆಗಳು ತಾವಾಗಿಯೇ ಕೆಳಗಿಳಿದವು.

ರಜಾಕಾರರ ಗದ್ದಲದಲ್ಲಿ ಮನೆಯವರೆಲ್ಲ ಸೋಲಾಪುರದ ಕಡೆ ಓಡಿದ್ದಾಗ ಮನೆಯ ತಾಮ್ರದ ಪಾತ್ರೆಗಳನ್ನು ಅದೇ ಖೋಕಾದಲ್ಲಿ ತುಂಬಿದ್ದರು. ಪೊಲೀಸ್ ಆಕ್ಷನ್ ಆದ ಮೇಲೆ ಖೋಕಾ ಬರಿದಾಗಿ ಮರಳಿತ್ತು. ಮುಂದೆ ನಾಯಿಮರಿ ಬಂದಾಗ, ಲಿಂಗಪೂಜೆಯ ಮನೆಯಲ್ಲಿ ನಾಯಿ ಹೊಸ್ತಿಲು ದಾಟಬಾರದೆಂದು ಅತ್ತೆ ಪ್ರಯಾಗಬಾಯಿ ಕಟ್ಟುನಿಟ್ಟಾಗಿ ಹೇಳಿದ್ದಳು. ಹೊರಗೆ ಬಿಟ್ಟರೆ ಅದು ಕೆರವು, ಹಗ್ಗ ಎಲ್ಲ ಕಡಿಯುತ್ತಿತ್ತು. ಕಸ್ತೂರಬಾಯಿ ಖೋಕಾಕ್ಕೆ ಬಿದಿರಿನ ಬಾಗಿಲು ಕಟ್ಟಿಸಿ, ಹಳೆ ಕೌದಿ ಹಾಸಿ, "ಮನಿಗಿ ನಡಿ" ಎನ್ನುತ್ತ ಒಳಗೆ ರೊಟ್ಟಿಯ ಚೂರು ಇಟ್ಟಳು. ಮೊದಮೊದಲು ಬಾಗಿಲು ತೆರೆದೇ ಇರುತ್ತಿತ್ತು. ಆಮೇಲೆ ಅದು ತಿನ್ನುವಷ್ಟು ಹೊತ್ತು ಮುಚ್ಚಿದಳು. ಅದು ಹೆದರದೆ ನಿದ್ದೆ ಹೋಗುವಂತಾದ ಮೇಲೆ ತಾನು ಹೊಲದಿಂದ ಬರುವತನಕ ಮುಚ್ಚತೊಡಗಿದಳು. ಬೈದು ಹೊಡೆದು ಒಳಗೆ ಹಾಕಬಾರದೆಂದು ಮನೆಯವರಿಗೆಲ್ಲ ತಾಕೀತು ಮಾಡಿದ್ದಳು. ಜಗದೇವಪ್ಪ ಅದನ್ನು ಜೇಲು ಎನ್ನುತ್ತಿದ್ದ.

ನಿಲಂಗಾದ ಡಾಕ್ಟರು ಗಾಯ ತೊಳೆದು, ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ಹೊಟ್ಟೆಗೆ ಚುಚ್ಚುವ ಸೂಜಿಗಳ ಹಂಗೇ ಬೇಡ ಎಂದರು. ನಾಯಿ ತಪ್ಪಿಸಿಕೊಂಡರೆ ಇಲ್ಲವೆ ಸತ್ತರೆ ಮಾತ್ರ ಅಯ್ಯನವರನ್ನು ದೂರದ ದವಾಖಾನೆಗೆ ಕಳಿಸಬೇಕಿತ್ತು.

ಹಗ್ಗಕ್ಕೆ ಬಿಗಿದಿದ್ದರೆ ವಾಘ್ಯಾ ಜಗ್ಗಾಡಿ, ಜೊಲ್ಲು ಸುರಿಸಿ, ನೋಡಿದವರಿಗೆ ಹುಚ್ಚೇ ಅನ್ನಿಸುತ್ತಿತ್ತು. ಖೋಕಾದಲ್ಲಿ ಅದು ಮುಂಗಾಲ ಮೇಲೆ ಮೂತಿ ಇಟ್ಟು ಬಂದವರನ್ನು ನೋಡುತ್ತ ಮಲಗಿತ್ತು. ಬೆಳಿಗ್ಗೆ ಸಂಜೆ ಸರಪಳಿ ಹಿಡಿದು ಹಿತ್ತಲಲ್ಲಿ ತಿರುಗಿಸಿದರೆ ತಾನಾಗಿಯೇ ಮರಳಿ ಒಳಗೆ ಹೋಗುತ್ತಿತ್ತು. ಕಸ್ತೂರಬಾಯಿಗೆ ಭಯವಾಗುತ್ತಿದ್ದುದು ನೀರಿಡುವಾಗ. ಹುಚ್ಚು ಹತ್ತಿದ ನಾಯಿ ನೀರು ಕುಡಿಯಲಾರದೆಂದು ಅವಳು ಕೇಳಿದ್ದಳು. ಅದು ಲೊಚಲೊಚ ನೆಕ್ಕತೊಡಗಿದ ಮೇಲೆಯೇ ಅವಳು ಅಲ್ಲಿಂದ ಏಳುತ್ತಿದ್ದಳು. ಒಂದು ಮಧ್ಯಾಹ್ನ ಅತ್ತೆಯೇ ಬಂದು ಕಡ್ಡಿಗಳ ಸಂದಿಯಿಂದ ರೊಟ್ಟಿ ತೂರಿಸುವುದನ್ನು ನೋಡಿ ಕಸ್ತೂರಬಾಯಿ ಹಿಂದೆ ಸರಿದಳು.

ಅವಧಿ ಮುಗಿದ ಮುಂಜಾನೆ ಹಾಲಯ್ಯನವರೇ ಕೋಲೂರಿಕೊಂಡು ಬಂದರು. ಹಿಂದೆ ಅರ್ಧ ಊರೇ ಇತ್ತು. ವಾಘ್ಯಾ ಬಾಲ ಬಡಿಯಿತು.

"ಅಗಳಿ ತಗಿ, ಜಗದೇವಾ," ಎಂದರು ಅವರು. "ನೋಡಲಾರ್ದ ತುಳದಾಂವ ನಾ."

ಜಗದೇವಪ್ಪ ಹೆಂಡತಿಯ ಮುಖ ನೋಡಿದ. "ನೀನೇ ತಗಿ. ನಿನ್ನ ಮಾತಷ್ಟೇ ಕೇಳ್ತದ ಅದು," ಎಂದ.

ಅವಳು ತೆಗೆದಳು. ವಾಘ್ಯಾ ಹೊರಬಂದು ಮೈ ಮುರಿದು, ಹಾಲಯ್ಯನವರ ಪಾದ ಮೂಸಿ, ಹೊಲದ ದಾರಿ ಹಿಡಿಯಿತು. ಕಸ್ತೂರಬಾಯಿ ಬುತ್ತಿಯ ಗಂಟು ತಲೆಯ ಮೇಲಿಟ್ಟುಕೊಂಡು ಅದರ ಹಿಂದೆ ನಡೆದಳು. ಬೀದಿಯ ಕಟ್ಟೆಯ ಮೇಲೆ ಕೂತಿದ್ದ ಗಂಡಸರು ನಾಯಿ ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಕಾಲು ಮೇಲೆಳೆದುಕೊಂಡರು. ಅವಳು ನಡಿಗೆ ಬಿರುಸು ಮಾಡಲಿಲ್ಲ.