ನಿಧಾನಕ್ಕೆ ಬಿದ್ದ ಕಲ್ಲುಗಳು

ನನಗೆ ಐವತ್ತೆರಡು ವರ್ಷ, ದರ್ಜಿ ಕೆಲಸ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಪ್ಪತ್ತೈದರ ಹರೆಯದಲ್ಲಿ, ಟೀವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆಯಲ್ಲಿ, 'ಕಲ್ಲುಮಳೆ' ಎಂಬ ಆಟದಲ್ಲಿ ನಾನು ತೊಂಬತ್ತೊಂದು ಸಾವಿರ ಅಂಕ ಗಳಿಸಿದ್ದೆ. ಮೇಲಿಂದ ಬೀಳುವ ಕಲ್ಲುಗಳ ನಡುವೆ ಪುಟ್ಟ ವಿಮಾನವನ್ನು ನುಸುಳಿಸಬೇಕು, ಅಷ್ಟೇ. ಹಳೆಯ ಆಟಗಳ ಸಂಘದವರು ದಾಖಲೆಗಳ ಪಟ್ಟಿ ಮಾಡುತ್ತಿದ್ದಾರೆಂದು ಗೊತ್ತಾದಾಗ, ಅಂದು ಟೀವಿಯ ಮುಂದೆ ತೆಗೆಸಿಕೊಂಡ ಫೋಟೋ ಹಿಡಿದು ಹೋದೆ. ನಾನು ಹೊಲಿಯುವ ಅಂಗಡಿಯ ಬೋರ್ಡಿನ ಮೇಲೆ ಇವತ್ತಿಗೂ ಮಾವನವರ ಹೆಸರೇ ಇದೆ. ನನ್ನ ಹೆಸರು ಈ ಪಟ್ಟಿಯಲ್ಲಾದರೂ ಮೊದಲು ಇರಬೇಕೆಂದು ನನಗೆ ಆಸೆ, ಬಹಳ ಆಸೆ.

ಕಾರ್ಯದರ್ಶಿ ಫೋಟೋ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಫೋಟೋ ಯಾರು ಬೇಕಾದ್ರೂ ತರ್ತಾರೆ ಮೇಡಂ. ಇಲ್ಲೇ ಆಡಿ ತೋರಿಸಿ."

ನನ್ನ ಪೆಟ್ಟಿಗೆ ಕೆಟ್ಟು ಹತ್ತು ವರ್ಷವಾಗಿತ್ತು. ಅವರಲ್ಲಿದ್ದದ್ದು ಸಂಘದ ಪತ್ರ ಟೈಪ್ ಮಾಡುವ ಕಂಪ್ಯೂಟರ್. ಅದರೊಳಗೆ ಹಳೆಯ ಪೆಟ್ಟಿಗೆಯ ವೇಷ ಹಾಕುವ ಒಂದು ಸಾಫ್ಟ್‌ವೇರ್. ಪಟ್ಟಿಯ ಮೊದಲ ಸಾಲಿನಲ್ಲಿ, ಅದೇ ಕಂಪ್ಯೂಟರಿನಲ್ಲಿ ಆಡಿ ಗಳಿಸಿದ ಎಂಬತ್ತೆಂಟು ಸಾವಿರ, ಕಾರ್ಯದರ್ಶಿಯವರದೇ ಹೆಸರು.

ಶನಿವಾರ ಮಧ್ಯಾಹ್ನ ನಾದಿನಿಯನ್ನು ಕರೆದುಕೊಂಡು ಹೋದೆ. ಅವಳು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾಳೆ. ಆಟ ಶುರುವಾಯಿತು. ಅರವತ್ತು ಸಾವಿರ ದಾಟಿದ ಮೇಲೆ ಕಲ್ಲುಗಳು ಒತ್ತೊತ್ತಾಗಿ ಬರುತ್ತವೆ, ಹಿಂದೆ ಅಲ್ಲಿ ನನ್ನ ಬೆವರಿಳಿಯುತ್ತಿತ್ತು. ಈಗ ನೋಡಿದರೆ ಕಲ್ಲುಗಳು ತೂಕಡಿಸುತ್ತಾ ಇಳಿಯುತ್ತಿವೆ, ಸಂಗೀತವೂ ಎಳೆಯುತ್ತಿದೆ. ನಡುವೆ ಸೂಜಿಗೆ ದಾರ ಪೋಣಿಸಿಕೊಂಡು ಬರುವಷ್ಟು ಹೊತ್ತಿತ್ತು.

"ಅತ್ತಿಗೆ, ಕಂಪ್ಯೂಟರ್‌ಗೆ ಏದುಸಿರು ಬಂದಿದೆ," ಎಂದಳು ನಾದಿನಿ.

ಎಂಬತ್ತೇಳು ಸಾವಿರದ ಒಂಬೈನೂರು. ನಾನು ಕೀಬೋರ್ಡಿನಿಂದ ಕೈ ತೆಗೆದೆ. ವಿಮಾನ ಪುಡಿಯಾಯಿತು.

"ಅಯ್ಯೋ, ಇನ್ನೇನು ಆಗೇಹೋಗಿತ್ತಲ್ಲ!" ಎಂದರು ಕಾರ್ಯದರ್ಶಿ.

"ಇದು ನನ್ನ ಆಟ ಅಲ್ಲ. ಕಲ್ಲು ನಿಧಾನಕ್ಕೆ ಬೀಳ್ತಿದೆ. ಶಕ್ತಿ ಇರೋ ಕಂಪ್ಯೂಟರ್ ತರಿಸಿ."

ಅವರು ನಕ್ಕರು. "ಅಜ್ಜನ ಕಾಲದ ಅಂಗೈಯಗಲದ ಆಟಕ್ಕೆ ಶಕ್ತಿ ಯಾಕ್ರೀ?"

ನಾದಿನಿ ಸಮಾಧಾನವಾಗಿಯೇ ಹೇಳಿದಳು. "ಸಾರ್, ಹಳೇ ಪೆಟ್ಟಿಗೇಲಿ ಲೆಕ್ಕಕ್ಕೊಂದು, ಚಿತ್ರಕ್ಕೊಂದು, ಸದ್ದಿಗೊಂದು ಚಿಪ್ ಇತ್ತು. ಮೂರೂ ಒಂದೇ ತಾಳಕ್ಕೆ ಕೆಲಸ ಮಾಡ್ತಿದ್ವು. ಈ ಕಂಪ್ಯೂಟರ್‌ಗೆ ಅವುಗಳ ಭಾಷೆ ಬರಲ್ಲ. ಒಂದೊಂದು ಮಾತನ್ನೂ ತರ್ಜುಮೆ ಮಾಡ್ಕೊಂಡು, ಮೂರೂ ಪಾತ್ರ ತಾನೇ ಆಡ್ಬೇಕು, ತಾಳಾನೂ ತಪ್ಪಬಾರದು. ಅಲ್ಲಿ ಒಂದು ಹೆಜ್ಜೆ ಅಂದ್ರೆ ಇಲ್ಲಿ ಹತ್ತಾರು."

ನನಗೆ ತಡೆಯಲಾಗಲಿಲ್ಲ. "ಹೊಸ ಕೋಟು ಎರಡು ದಿನಕ್ಕೆ ಹೊಲೀತೀನಿ. ಹಳೇ ಕೋಟು ತಂದು, ಒಂದು ಹೊಲಿಗೇನೂ ಆಚೀಚೆ ಆಗದಂಗೆ ಇನ್ನೊಂದು ಮಾಡಿ ಅಂದ್ರೆ ವಾರ ಬೇಕು. ಹಳೇದು ಅಂದ್ರೆ ಸುಲಭ ಅಂತ ನಿಮಗೆ ಯಾರು ಹೇಳಿದ್ದು?"

"ಹಾಗಾದ್ರೆ ನನ್ನ ಎಂಬತ್ತೆಂಟು ಸಾವಿರ?"

"ಅದನ್ನ ನೀವೇ ಹೇಳ್ಬೇಕು."

ಮುಂದಿನ ಶನಿವಾರ ನಾದಿನಿ ತನ್ನ ದೊಡ್ಡ ಕಂಪ್ಯೂಟರನ್ನೇ ಸಂಘದ ಕಚೇರಿಗೆ ಮೂರು ಮಹಡಿ ಹೊತ್ತು ತಂದಳು. ಈ ಸಲ ಕಲ್ಲುಗಳು ಕಲ್ಲುಗಳ ಹಾಗೆಯೇ ಬಿದ್ದವು. ಕಣ್ಣು ಕಂಡದ್ದು ಬೆರಳಿಗೆ ತಲುಪುವಷ್ಟರಲ್ಲಿ ಇನ್ನೆರಡು ಬಂದಿರುತ್ತಿದ್ದವು. ಎಪ್ಪತ್ತೊಂದು ಸಾವಿರಕ್ಕೆ ಮುಗಿದುಹೋಯಿತು.

"ಪಟ್ಟೀಲಿ ಆರನೇ ಜಾಗಾನೂ ಸಿಗಲ್ಲ," ಎಂದರು ಕಾರ್ಯದರ್ಶಿ. "ಹೋದ ವಾರ ಸುಮ್ನೆ ಆಡಿದ್ರೆ ಮೊದಲನೇದು ನಿಮ್ಮದೇ ಆಗಿತ್ತು."

"ಬೇರೆ ಹಾಳೆ ತಗೊಳ್ಳಿ. ಮೇಲೆ 'ಪೂರ್ತಿ ವೇಗ' ಅಂತ ಬರೀರಿ. ಕೆಳಗೆ ನನ್ನ ಹೆಸರು, ಎಪ್ಪತ್ತೊಂದು ಸಾವಿರ. ಆಮೇಲೆ ಬನ್ನಿ, ನೀವು ಕೂತ್ಕೊಳ್ಳಿ." ನಾನು ಎದ್ದು ಕುರ್ಚಿಯನ್ನು ಅವರ ಕಡೆ ತಳ್ಳಿದೆ.

ಅವರು ಕುರ್ಚಿ ನೋಡಿದರು, ಪರದೆ ನೋಡಿದರು. ಆಮೇಲೆ ಹಾಳೆ ಹುಡುಕಲು ಹೋದರು.

ಆರು ತಿಂಗಳಾಯಿತು. ನಾದಿನಿಯ ಕಂಪ್ಯೂಟರ್ ಅಲ್ಲೇ ಇದೆ, ಯಾರು ಬೇಕಾದರೂ ಹೋಗಿ ಆಡಬಹುದು. ಆ ಹಾಳೆಯಲ್ಲಿ ಇನ್ನೂ ಒಂದೇ ಹೆಸರಿದೆ.